ಕರುಳಿನ ಕ್ಯಾನ್ಸರ್‌ಗೆ ನ್ಯಾನೊ ಲಸಿಕೆ: ಯಾರಿಗೆ, ಯಾವಾಗ, ಯಾಕೆ ಇಷ್ಟು ತಡ

2025ರ ಸೆಪ್ಟೆಂಬರ್‌ನಲ್ಲಿ ರಷ್ಯಾದ ವ್ಲಾಡಿವೋಸ್ಟಾಕ್‌ನಲ್ಲಿ ಒಂದು ಆರ್ಥಿಕ ಸಮಾವೇಶ ನಡೆಯಿತು. ರಷ್ಯಾದ ಫೆಡರಲ್ ಮೆಡಿಕಲ್ ಬಯಾಲಜಿಕಲ್ ಏಜೆನ್ಸಿಯ ಮುಖ್ಯಸ್ಥೆ ವೆರೋನಿಕಾ ಸ್ಕ್ವೋರ್ಟ್ಸೋವಾ ಅಲ್ಲಿ ಒಂದು ಘೋಷಣೆ ಮಾಡಿದರು. ಕ್ಯಾನ್ಸರ್ ಲಸಿಕೆಯೊಂದು ಬಳಕೆಗೆ ಸಿದ್ಧವಾಗಿದೆ, ಸರ್ಕಾರದ ಒಪ್ಪಿಗೆಗೆ ಕಾಯುತ್ತಿದ್ದೇವೆ, ಮೊದಲ ಗುರಿ ದೊಡ್ಡ ಕರುಳಿನ ಕ್ಯಾನ್ಸರ್ ಎಂದರು. ಅವರು ಹೇಳಿದ್ದು ಪ್ರೀ-ಕ್ಲಿನಿಕಲ್ ಪರೀಕ್ಷೆಗಳ ಬಗ್ಗೆ. ಅಂದರೆ, ಮನುಷ್ಯರಿಗೆ ಕೊಡುವ ಮೊದಲಿನ ಹಂತದ ಬಗ್ಗೆ. ಗಡ್ಡೆ ಕುಗ್ಗಿದ್ದು, ಅದರ ಬೆಳವಣಿಗೆ ನಿಧಾನವಾದದ್ದು ಶೇ 60ರಿಂದ 80ರಷ್ಟು ಅನ್ನುವುದು ಆ ಪರೀಕ್ಷೆಗಳ ಲೆಕ್ಕ.

ಸುದ್ದಿ ಮೊಬೈಲ್‌ನಿಂದ ಮೊಬೈಲಿಗೆ ಹೋಗುವಷ್ಟರಲ್ಲಿ ಅದು 'ಶೇ 100 ಯಶಸ್ಸು' ಆಯಿತು. 'ಕ್ಯಾನ್ಸರ್‌ಗೆ ಲಸಿಕೆ ಬಂತು' ಆಯಿತು. ಜೊತೆಗೆ 'ಎಂಟರೊಮಿಕ್ಸ್' ಎಂಬ ಹೆಸರೂ ಸೇರಿಕೊಂಡಿತು. ಎಂಟರೊಮಿಕ್ಸ್ ಅನ್ನುವುದು ರೋಗ ತರದ ನಾಲ್ಕು ವೈರಸ್‌ಗಳ ಮಿಶ್ರಣ, ಗಡ್ಡೆಯ ಕೋಶಗಳನ್ನು ಒಡೆಯಲು ಮಾಡಿದ್ದು. ಅದು ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಕೋಶಕ್ಕೆ ಸೂಚನೆ ಕೊಡುವ ಅಣು) ಲಸಿಕೆ ಅಲ್ಲವೇ ಅಲ್ಲ. ಆದರೂ ಹೆಚ್ಚಿನ ಬರಹಗಳು ಅದನ್ನು ಎಂಆರ್‌ಎನ್‌ಎ ಲಸಿಕೆ ಅಂತಲೇ ಹೇಳಿದವು. ಹೀಗೆ ಬೇರೆ ಬೇರೆ ಹಂತದಲ್ಲಿರುವ, ಬೇರೆ ಬೇರೆ ರೀತಿ ಕೆಲಸ ಮಾಡುವ ಪ್ರಯತ್ನಗಳು ಒಂದೇ ಸುದ್ದಿಯೊಳಗೆ ಕಲಸಿಹೋದವು.

ಇದರ ನಡುವೆ ನಿಜವಾದ ಕೆಲಸವೂ ನಡೆಯುತ್ತಿದೆ. ನ್ಯಾನೊಕಣಗಳೊಳಗೆ, ಅಂದರೆ ಅತಿ ಸೂಕ್ಷ್ಮ ಕಣಗಳೊಳಗೆ ಲಸಿಕೆಯನ್ನು ಇಟ್ಟು ಕರುಳಿನ ಕ್ಯಾನ್ಸರ್ ರೋಗಿಗಳಿಗೆ ಕೊಡುವ ಪ್ರಯೋಗಗಳು ಹಲವು ದೇಶಗಳಲ್ಲಿ ಸಾಗಿವೆ. ಅವುಗಳಲ್ಲಿ ಗೆಲುವಿದೆ, ದೊಡ್ಡ ಸೋಲೂ ಇದೆ. ಎರಡನ್ನೂ ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಈ ಲಸಿಕೆ ಏನು ಮಾಡಲು ಹೊರಟಿದೆ ಅಂತ ನೋಡಬೇಕು.

ರೋಗ ಬಂದ ಮೇಲೆ ಕೊಡುವ ಲಸಿಕೆ

ಪೋಲಿಯೊ, ದಡಾರದ ಲಸಿಕೆಗಳನ್ನು ರೋಗ ಬರುವ ಮೊದಲೇ ಕೊಡುತ್ತಾರೆ. ಹೆಪಟೈಟಿಸ್ ಬಿ ಮತ್ತು ಎಚ್‌ಪಿವಿ ಲಸಿಕೆಗಳು ಕ್ಯಾನ್ಸರನ್ನೂ ತಡೆಯುತ್ತವೆ, ಯಾಕೆಂದರೆ ಲಿವರ್ ಮತ್ತು ಗರ್ಭಕೊರಳಿನ ಕ್ಯಾನ್ಸರ್‌ಗೆ ಕಾರಣವಾಗುವ ವೈರಸ್‌ಗಳನ್ನೇ ಅವು ತಡೆಯುತ್ತವೆ. ಕರುಳಿನ ಕ್ಯಾನ್ಸರ್‌ನಲ್ಲಿ ಹಾಗೆ ಬೆರಳು ಮಾಡಿ ತೋರಿಸುವಂಥ ಒಂದು ವೈರಸ್ ಇಲ್ಲ. ಇಲ್ಲಿ ಶತ್ರು ನಮ್ಮದೇ ಕೋಶ. ಅದರ ಡಿಎನ್‌ಎಯಲ್ಲಿ ತಪ್ಪುಗಳು ಸೇರುತ್ತಾ ಹೋಗಿ ಅದು ಹದ್ದು ಮೀರಿ ಬೆಳೆದಿರುತ್ತದೆ.

ಆ ತಪ್ಪುಗಳೇ ಲಸಿಕೆಗೆ ದಾರಿ ಕೊಡುತ್ತವೆ. ಡಿಎನ್‌ಎ ಬದಲಾದರೆ ಅದರಿಂದ ತಯಾರಾಗುವ ಪ್ರೋಟೀನ್ ಕೂಡ ಕೊಂಚ ಬದಲಾಗುತ್ತದೆ. ಕೋಶ ತನ್ನೊಳಗಿನ ಪ್ರೋಟೀನ್‌ಗಳ ಸಣ್ಣ ತುಣುಕುಗಳನ್ನು ತನ್ನ ಮೈಮೇಲೆ ಸದಾ ಪ್ರದರ್ಶಿಸುತ್ತಿರುತ್ತದೆ. ಬದಲಾದ ತುಣುಕು ಅಲ್ಲಿ ಕಾಣಿಸಿದರೆ ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಅದನ್ನು ಗುರುತಿಸಿ ಆ ಕೋಶವನ್ನು ಕೊಲ್ಲಬಲ್ಲವು. ಇಂಥ ಹೊಸ ತುಣುಕುಗಳಿಗೆ ನಿಯೋಆಂಟಿಜೆನ್ ಅಂತ ಹೆಸರು. ಆರೋಗ್ಯವಂತ ಕೋಶಗಳಲ್ಲಿ ಇವು ಇರುವುದಿಲ್ಲ. ಹಾಗಾಗಿ ಇವನ್ನು ಗುರಿಯಿಟ್ಟರೆ ಉಳಿದ ದೇಹಕ್ಕೆ ಹಾನಿ ಕಡಿಮೆ.

ಆದರೆ ಟಿ ಕೋಶ ತಾನಾಗಿಯೇ ದಾಳಿಗೆ ಇಳಿಯುವುದಿಲ್ಲ. ಡೆಂಡ್ರಿಟಿಕ್ ಕೋಶ ಎಂಬ ಇನ್ನೊಂದು ಕೋಶ ದುಗ್ಧಗ್ರಂಥಿಯಲ್ಲಿ (ಲಿಂಫ್ ನೋಡ್) ಅದಕ್ಕೆ ಆ ತುಣುಕನ್ನು ತೋರಿಸಬೇಕು. ಜೊತೆಗೆ 'ಇದು ಅಪಾಯ' ಎಂಬ ಸಂಕೇತವನ್ನೂ ಕೊಡಬೇಕು. ತುಣುಕು ಮಾತ್ರ ತೋರಿಸಿ ಸಂಕೇತ ಕೊಡದಿದ್ದರೆ ಫಲಿತಾಂಶ ತಿರುಗುಮುರುಗಾಗುತ್ತದೆ. ಟಿ ಕೋಶ ಆ ತುಣುಕನ್ನು ಸಹಿಸಿಕೊಳ್ಳಲು ಕಲಿಯುತ್ತದೆ. ಕ್ಯಾನ್ಸರ್‌ಗೆ ಬೇಕಿರುವುದೂ ಅದೇ.

ನ್ಯಾನೊಕಣ ಯಾಕೆ ಬೇಕಾಯಿತು

ಕ್ಯಾನ್ಸರ್ ಲಸಿಕೆಯ ಯೋಚನೆ ಹೊಸದಲ್ಲ. 2004ರಲ್ಲಿ ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನ ಸ್ಟೀವನ್ ರೋಸನ್‌ಬರ್ಗ್ ಮತ್ತು ಸಂಗಡಿಗರು ತಮ್ಮಲ್ಲಿ ಲಸಿಕೆ ಪಡೆದ 440 ರೋಗಿಗಳ ಲೆಕ್ಕ ಮುಂದಿಟ್ಟರು. ಗಡ್ಡೆ ಗಮನಾರ್ಹವಾಗಿ ಕುಗ್ಗಿದ್ದು ಶೇ 2.6 ಜನರಲ್ಲಿ ಮಾತ್ರ. ಆ ಲೇಖನ ಇಡೀ ಕ್ಷೇತ್ರಕ್ಕೆ ತಣ್ಣೀರೆರಚಿತು.

ಸೋಲಿಗೆ ಹಲವು ಕಾರಣಗಳಿದ್ದವು. ಸಾಗಣೆ ಅವುಗಳಲ್ಲಿ ದೊಡ್ಡದು. ಪ್ರೋಟೀನ್ ತುಣುಕನ್ನು ಹಾಗೇ ಚುಚ್ಚಿದರೆ ಅದು ತೀರಾ ಚಿಕ್ಕದಾದ್ದರಿಂದ ಬೇಗ ರಕ್ತನಾಳಗಳಿಗೆ ಸೇರಿ ದೇಹವೆಲ್ಲ ಹರಡಿಹೋಗುತ್ತದೆ. ಅದರ ಜೊತೆ ಕೊಟ್ಟ ಅಪಾಯದ ಸಂಕೇತ ಇನ್ನೊಂದು ದಾರಿ ಹಿಡಿಯುತ್ತದೆ. ಎರಡೂ ಒಂದೇ ಡೆಂಡ್ರಿಟಿಕ್ ಕೋಶಕ್ಕೆ ಒಂದೇ ಹೊತ್ತಿಗೆ ಸಿಗುವುದು ಅಪರೂಪ. ತುಣುಕಿನ ಬದಲು ಅದನ್ನು ತಯಾರಿಸುವ ಸೂಚನೆಯನ್ನು, ಅಂದರೆ ಎಂಆರ್‌ಎನ್‌ಎಯನ್ನು ಕೊಟ್ಟರೂ ಕಷ್ಟವೇ. ಹೊದಿಕೆ ಇಲ್ಲದ ಆರ್‌ಎನ್‌ಎಯನ್ನು ದೇಹದ ಕಿಣ್ವಗಳು ನಿಮಿಷಗಳಲ್ಲಿ ಚೂರು ಮಾಡುತ್ತವೆ.

ಇಲ್ಲಿ ಗಾತ್ರ ಕೆಲಸಕ್ಕೆ ಬರುತ್ತದೆ. ಒಂದು ನ್ಯಾನೊಮೀಟರ್ ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಸುಮಾರು 10 ನ್ಯಾನೊಮೀಟರಿಗಿಂತ ಚಿಕ್ಕ ಕಣಗಳು ರಕ್ತಕ್ಕೆ ನುಸುಳುತ್ತವೆ. 100 ನ್ಯಾನೊಮೀಟರಿಗಿಂತ ಸಾಕಷ್ಟು ದೊಡ್ಡವು ಚುಚ್ಚಿದ ಜಾಗದಲ್ಲೇ ಸಿಕ್ಕಿಕೊಳ್ಳುತ್ತವೆ. ನಡುವಿನ ಗಾತ್ರದವು ದುಗ್ಧನಾಳಗಳ ಮೂಲಕ ನೇರವಾಗಿ ದುಗ್ಧಗ್ರಂಥಿಗೆ ಹೋಗುತ್ತವೆ. ಟಿ ಕೋಶಗಳು ಕಾದು ಕೂತಿರುವುದು ಅಲ್ಲೇ ಅಲ್ವಾ.

ಇವತ್ತು ಹೆಚ್ಚು ಬಳಕೆಯಲ್ಲಿರುವುದು ಲಿಪಿಡ್ ನ್ಯಾನೊಕಣ. ನಾಲ್ಕು ಬಗೆಯ ಕೊಬ್ಬಿನಂಥ ವಸ್ತುಗಳಿಂದ ಇದನ್ನು ಕಟ್ಟುತ್ತಾರೆ. ಅವುಗಳಲ್ಲಿ ಒಂದರ ಗುಣ ವಿಶೇಷವಾದದ್ದು. ರಕ್ತದಲ್ಲಿರುವಾಗ ಅದಕ್ಕೆ ವಿದ್ಯುತ್ ಆವೇಶ ಇರುವುದಿಲ್ಲ. ಕೋಶ ಅದನ್ನು ನುಂಗಿದ ಮೇಲೆ ಒಳಗಿನ ಚೀಲದ ಆಮ್ಲತೆಯಲ್ಲಿ ಅದು ಧನ ಆವೇಶ ಪಡೆಯುತ್ತದೆ, ಚೀಲದ ಗೋಡೆ ಒಡೆಯುತ್ತದೆ, ಎಂಆರ್‌ಎನ್‌ಎ ಹೊರಬರುತ್ತದೆ. ಈ ತಂತ್ರದ ಮೊದಲ ಔಷಧಿ ಪಟಿಸಿರನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ. 2020ರ ಕೊನೆಯಲ್ಲಿ ಬಂದ ಕೋವಿಡ್ ಎಂಆರ್‌ಎನ್‌ಎ ಲಸಿಕೆಗಳು ಇದನ್ನು ಕೋಟ್ಯಂತರ ಜನರಿಗೆ ತಲುಪಿಸಿದವು. ಈ ಕಣ ಸುಮ್ನೆ ಹೊದಿಕೆ ಮಾತ್ರವೂ ಅಲ್ಲ. ಅದರ ಲಿಪಿಡ್‌ಗಳೇ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುತ್ತವೆ. ತುಣುಕು ಮತ್ತು ಅಪಾಯದ ಸಂಕೇತ ಒಟ್ಟಿಗೆ ಸಿಗಬೇಕು ಅನ್ನುವ ಹಳೆಯ ತೊಡಕು ಹೀಗೆ ಬಹುಮಟ್ಟಿಗೆ ಬಗೆಹರಿಯಿತು.

ಜರ್ಮನಿಯ ಬಯೋಎನ್‌ಟೆಕ್ ಕಂಪನಿಯ ವಿಜ್ಞಾನಿಗಳು ಇನ್ನೊಂದು ದಾರಿ ಹಿಡಿದರು. ಆರ್‌ಎನ್‌ಎ ಮತ್ತು ಲಿಪಿಡ್‌ನ ಪ್ರಮಾಣವನ್ನು ಹೊಂದಿಸಿ ಕಣದ ಒಟ್ಟು ಆವೇಶವನ್ನು ಬದಲಿಸಿದರೆ, ರಕ್ತಕ್ಕೆ ಕೊಟ್ಟ ಕಣಗಳು ಗುಲ್ಮದ (ಸ್ಪ್ಲೀನ್) ಡೆಂಡ್ರಿಟಿಕ್ ಕೋಶಗಳಿಗೆ ಹೋಗುತ್ತವೆ ಅಂತ 2016ರಲ್ಲಿ ತೋರಿಸಿದರು. ಆರ್‌ಎನ್‌ಎ-ಲಿಪೊಪ್ಲೆಕ್ಸ್ ಎಂದು ಕರೆಯುವ ಈ ಕಣವೇ ಈಗ ಕರುಳಿನ ಕ್ಯಾನ್ಸರ್ ಪ್ರಯೋಗದಲ್ಲಿದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. 'ನ್ಯಾನೊಕಣಗಳು ನೇರವಾಗಿ ಗಡ್ಡೆಗೆ ಹೋಗಿ ಕೊಲ್ಲುತ್ತವೆ' ಅಂತ ಹಲವು ಬರಹಗಳು ಹೇಳುತ್ತವೆ. ಅದು ಬೇರೆ ತಂತ್ರ, ಕೀಮೋ ಔಷಧಿಯನ್ನು ಕಣದಲ್ಲಿಟ್ಟು ಗಡ್ಡೆಗೆ ಕಳಿಸುವುದು. ಆ ತಂತ್ರಕ್ಕೆ ದೊಡ್ಡ ಮಿತಿ ಇದೆ. ಹತ್ತು ವರ್ಷಗಳ ಪ್ರಕಟಿತ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ನಡೆಸಿದ ಒಂದು ವಿಶ್ಲೇಷಣೆಯಲ್ಲಿ, ಕೊಟ್ಟ ನ್ಯಾನೊಕಣಗಳಲ್ಲಿ ಗಡ್ಡೆಗೆ ತಲುಪಿದ್ದು ಮಧ್ಯಮ ಲೆಕ್ಕದಲ್ಲಿ ಶೇ 0.7 ಮಾತ್ರ ಅಂತ ಕಂಡುಬಂತು. ಲಸಿಕೆಗೆ ಈ ತಲೆನೋವಿಲ್ಲ. ಅದು ಗಡ್ಡೆಯ ಹತ್ತಿರ ಸುಳಿಯಬೇಕಾಗಿಯೇ ಇಲ್ಲ. ದುಗ್ಧಗ್ರಂಥಿಗೋ ಗುಲ್ಮಕ್ಕೋ ತಲುಪಿ ಟಿ ಕೋಶಗಳನ್ನು ಎಬ್ಬಿಸಿದರೆ ಅದರ ಕೆಲಸ ಮುಗಿಯಿತು. ಗಡ್ಡೆಯನ್ನು ಹುಡುಕಿಕೊಂಡು ಹೋಗುವುದು ಟಿ ಕೋಶದ ಕೆಲಸ.

ಕರುಳಿನ ಕ್ಯಾನ್ಸರ್‌ನಲ್ಲಿ ಪೆಟ್ಟು ಬೀಳುವುದು ಈ ಕೊನೆಯ ಹೆಜ್ಜೆಯಲ್ಲಿ.

ಒಂದೇ ಹೆಸರು, ಎರಡು ರೋಗ

ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಜಗತ್ತಿನಲ್ಲಿ ಹೆಚ್ಚು ಕಾಣುವ ಕ್ಯಾನ್ಸರ್‌ಗಳಲ್ಲಿ ಮೂರನೆಯದು. ಸಾವಿನ ಲೆಕ್ಕದಲ್ಲಿ ಎರಡನೆಯದು. 2022ರಲ್ಲಿ ಸುಮಾರು 19 ಲಕ್ಷ ಜನರಿಗೆ ಇದು ಹೊಸದಾಗಿ ಪತ್ತೆಯಾಯಿತು, 9 ಲಕ್ಷಕ್ಕೂ ಹೆಚ್ಚು ಜನ ತೀರಿಕೊಂಡರು ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು ಹೇಳುತ್ತದೆ.

ರೋಗನಿರೋಧಕ ವ್ಯವಸ್ಥೆಯ ಕಣ್ಣಿಂದ ನೋಡಿದರೆ ಇದು ಒಂದು ರೋಗ ಅಲ್ಲ, ಎರಡು. ಕೋಶ ಡಿಎನ್‌ಎಯನ್ನು ನಕಲು ಮಾಡುವಾಗ ಆಗುವ ತಪ್ಪುಗಳನ್ನು ತಿದ್ದುವ ವ್ಯವಸ್ಥೆಯೊಂದು ಅದರೊಳಗೇ ಇದೆ. ಕೆಲವು ಗಡ್ಡೆಗಳಲ್ಲಿ ಅದು ಕೆಟ್ಟಿರುತ್ತದೆ. ಇವಕ್ಕೆ ಎಂಎಸ್‌ಐ-ಹೈ ಗಡ್ಡೆಗಳು ಅನ್ನುತ್ತಾರೆ. ಇವುಗಳಲ್ಲಿ ತಪ್ಪುಗಳು ನೂರಾರು, ಸಾವಿರಾರು ಸೇರುತ್ತವೆ. ತಪ್ಪು ಜಾಸ್ತಿ ಆದಷ್ಟು ನಿಯೋಆಂಟಿಜೆನ್ ಜಾಸ್ತಿ. ಟಿ ಕೋಶಗಳು ತಾವಾಗಿಯೇ ಗಡ್ಡೆಯೊಳಗೆ ನುಗ್ಗಿರುತ್ತವೆ, ಆದರೆ ಗಡ್ಡೆ ಅವಕ್ಕೆ ಬ್ರೇಕ್ ಹಾಕಿರುತ್ತದೆ. ಆ ಬ್ರೇಕ್ ಬಿಡಿಸುವ ಔಷಧಿಗಳು ಇಲ್ಲಿ ಅದ್ಭುತವಾಗಿ ಕೆಲಸ ಮಾಡುತ್ತವೆ. ಪೆಂಬ್ರೊಲಿಜುಮ್ಯಾಬ್ ಎಂಬ ಔಷಧಿಗೆ ಅಮೆರಿಕದಲ್ಲಿ 2017ರಲ್ಲಿ ಇಂಥ ಗಡ್ಡೆಗಳಿಗಾಗಿ ಒಪ್ಪಿಗೆ ಸಿಕ್ಕಿತು. 2020ರಲ್ಲಿ ಹರಡಿದ ಕರುಳಿನ ಕ್ಯಾನ್ಸರ್‌ನ ಈ ಬಗೆಗೆ ಮೊದಲ ಚಿಕಿತ್ಸೆಯಾಗಿಯೇ ಒಪ್ಪಿಗೆ ಬಂತು. 2022ರಲ್ಲಿ ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದಲ್ಲಿ ಡೋಸ್ಟಾರ್ಲಿಮ್ಯಾಬ್ ಎಂಬ ಇಂಥದೇ ಔಷಧಿ ಪಡೆದ 12 ಗುದನಾಳದ ಕ್ಯಾನ್ಸರ್ ರೋಗಿಗಳಲ್ಲೂ ಗಡ್ಡೆ ಪೂರ್ತಿ ಮಾಯವಾದ ಸುದ್ದಿ ನೆನಪಿರಬಹುದು. ಆ ಎಲ್ಲರದ್ದೂ ಇದೇ ಬಗೆಯ ಗಡ್ಡೆಯಾಗಿತ್ತು. ಸುದ್ದಿಯಲ್ಲಿ ಆ ಭಾಗ ಕಳೆದುಹೋಗಿತ್ತು.

ಈ ಬಗೆ ಒಟ್ಟು ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 15. ದೇಹದ ಬೇರೆಡೆ ಹರಡಿದ ಹಂತದಲ್ಲಿ ನೋಡಿದರೆ ಸುಮಾರು ಶೇ 5 ಮಾತ್ರ. ಉಳಿದವು ಎಂಎಸ್‌ಎಸ್ ಬಗೆ, ಅಂದರೆ ತಪ್ಪು ತಿದ್ದುವ ವ್ಯವಸ್ಥೆ ಕೆಡದವು. ಇವುಗಳಲ್ಲಿ ತಪ್ಪುಗಳು ಕಡಿಮೆ, ನಿಯೋಆಂಟಿಜೆನ್‌ಗಳೂ ಕಡಿಮೆ. ಟಿ ಕೋಶಗಳು ಗಡ್ಡೆಯ ಹೊರಗೇ ನಿಂತಿರುತ್ತವೆ, ಇಲ್ಲವೇ ಬಂದೇ ಇರುವುದಿಲ್ಲ. ವೈದ್ಯರು ಇವನ್ನು ತಣ್ಣನೆಯ ಗಡ್ಡೆಗಳು ಅನ್ನುತ್ತಾರೆ. ಒಳಗಿಲ್ಲದ ಟಿ ಕೋಶಕ್ಕೆ ಹಾಕಿದ ಬ್ರೇಕ್ ಬಿಡಿಸಿ ಏನು ಪ್ರಯೋಜನ? ಹಾಗಾಗಿ ಬರೀ ಬ್ರೇಕ್ ಬಿಡಿಸುವ ಔಷಧಿಗಳು ಇಲ್ಲಿ ಹೆಚ್ಚುಕಡಿಮೆ ವಿಫಲ.

ಲಸಿಕೆಯ ಮೇಲೆ ಇಷ್ಟೊಂದು ಆಸೆ ಇಟ್ಟಿರುವುದಕ್ಕೆ ಇದೇ ಕಾರಣ. ಟಿ ಕೋಶಗಳು ಇಲ್ಲದಿದ್ದರೆ ಹುಟ್ಟಿಸೋಣ, ಆಮೇಲೆ ಬ್ರೇಕ್ ಬಿಡಿಸೋಣ ಅನ್ನುವುದು ತರ್ಕ. ತರ್ಕ ಸರಿಯಾಗಿಯೇ ಇದೆ. ಆದರೆ ಟಿ ಕೋಶ ಹುಟ್ಟಿದ ಮಾತ್ರಕ್ಕೆ ಗಡ್ಡೆಯೊಳಗೆ ಹೋಗುತ್ತದೆ ಅನ್ನುವ ಖಾತ್ರಿ ಇಲ್ಲ. ಬೆಳೆದ ಗಡ್ಡೆ ತನ್ನ ಸುತ್ತ ನಾರಿನಂಥ ಕೋಶಗಳ ಗೋಡೆ ಕಟ್ಟಿಕೊಂಡಿರುತ್ತದೆ. ಟಿಜಿಎಫ್-ಬೀಟಾ ಎಂಬ ರಾಸಾಯನಿಕ ಸಂಕೇತ ಬಿಟ್ಟು ಟಿ ಕೋಶಗಳನ್ನು ದೂರ ಇಡುತ್ತದೆ. ಕರುಳಿನ ಕ್ಯಾನ್ಸರ್ ಹರಡುವಾಗ ಹೆಚ್ಚಾಗಿ ಹೋಗುವುದು ಲಿವರ್‌ಗೆ. ಅಲ್ಲಿ ಕೂತ ಗಡ್ಡೆಗಳು ಟಿ ಕೋಶಗಳನ್ನು ಸಾಯಿಸಿ ಇಡೀ ದೇಹದ ಪ್ರತಿರೋಧವನ್ನೇ ಕುಗ್ಗಿಸಬಲ್ಲವು. ನ್ಯಾನೊಕಣ ಎಷ್ಟೇ ಚೆನ್ನಾಗಿದ್ದರೂ ಈ ಅಡ್ಡಿಗಳನ್ನು ತೆಗೆಯುವುದು ಅದರ ಕೈಯಲ್ಲಿಲ್ಲ.

ಇಲಿಗಳಲ್ಲಿ ಕಂಡ ಗೆಲುವು

2017ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ತಂಡವೊಂದು ಸುಮಾರು 10 ನ್ಯಾನೊಮೀಟರ್ ಅಳತೆಯ ಬಿಲ್ಲೆಯಂಥ ಕಣಗಳನ್ನು ತಯಾರಿಸಿತು. ರಕ್ತದಲ್ಲಿ ಕೊಬ್ಬು ಸಾಗಿಸುವ ಎಚ್‌ಡಿಎಲ್ ಕಣಗಳನ್ನು ಹೋಲುವ ಈ ನ್ಯಾನೊಡಿಸ್ಕ್‌ಗಳಲ್ಲಿ ನಿಯೋಆಂಟಿಜೆನ್ ಮತ್ತು ಅಪಾಯದ ಸಂಕೇತ ಎರಡನ್ನೂ ಕೂರಿಸಿದರು. ಕಣವಿಲ್ಲದೆ ಅದೇ ಲಸಿಕೆ ಕೊಟ್ಟದ್ದಕ್ಕೆ ಹೋಲಿಸಿದರೆ ಕೊಲ್ಲುವ ಟಿ ಕೋಶಗಳು 47 ಪಟ್ಟಿನವರೆಗೆ ಹೆಚ್ಚಿದವು. ಬ್ರೇಕ್ ಬಿಡಿಸುವ ಔಷಧಿಯ ಜೊತೆ ಕೊಟ್ಟಾಗ ಇಲಿಗಳಲ್ಲಿ ಕರುಳಿನ ಕ್ಯಾನ್ಸರ್ ಗಡ್ಡೆಗಳು ಮಾಯವಾದವು. ಇಂಥ ಫಲಿತಾಂಶಗಳು ಆಮೇಲೂ ಬರುತ್ತಲೇ ಇವೆ.

ಹಾಗಾದರೆ ಮನುಷ್ಯರಲ್ಲಿ ಯಾಕೆ ಹಾಗಾಗುವುದಿಲ್ಲ? ಉತ್ತರ ಇಲಿಯ ಗಡ್ಡೆಯಲ್ಲಿದೆ. ಪ್ರಯೋಗಾಲಯಗಳಲ್ಲಿ ಕರುಳಿನ ಕ್ಯಾನ್ಸರ್ ಅಂದರೆ ಹೆಚ್ಚಾಗಿ ಬಳಸುವುದು ಎಂಸಿ38 ಮತ್ತು ಸಿಟಿ26 ಎಂಬ ಎರಡು ಕೋಶ ತಳಿಗಳನ್ನು. ಎರಡನ್ನೂ ದಶಕಗಳ ಹಿಂದೆ ಇಲಿಗಳಿಗೆ ರಾಸಾಯನಿಕ ಕೊಟ್ಟು ಹುಟ್ಟಿಸಿದ್ದು. ರಾಸಾಯನಿಕದಿಂದ ಹುಟ್ಟಿದ್ದರಿಂದ ಅವುಗಳ ಡಿಎನ್‌ಎ ತುಂಬಾ ತಪ್ಪುಗಳಿವೆ, ಸಾವಿರಗಳ ಲೆಕ್ಕದಲ್ಲಿ. ಅಂದರೆ ಅವು ಲಸಿಕೆಗೆ ಸುಲಭವಾಗಿ ಸಿಗುವ ಗಡ್ಡೆಗಳು, ಬಹುಪಾಲು ರೋಗಿಗಳಲ್ಲಿರುವ ತಣ್ಣನೆಯ ಗಡ್ಡೆಗಳ ಹಾಗಲ್ಲ. ಮೇಲಾಗಿ ಅವನ್ನು ಇಲಿಯ ಚರ್ಮದಡಿಯಲ್ಲಿ ಬೆಳೆಸುತ್ತಾರೆ, ಕರುಳಿನಲ್ಲಿ ಅಲ್ಲ. ಗಡ್ಡೆ ಹುಟ್ಟಿ ಕೆಲವೇ ದಿನಗಳಾಗಿರುವಾಗ ಚಿಕಿತ್ಸೆ ಶುರುವಾಗುತ್ತದೆ. ಮನುಷ್ಯರಲ್ಲಿ ಅದೇ ಗಡ್ಡೆ ವರ್ಷಗಟ್ಟಲೆ ಬೆಳೆದಿರುತ್ತದೆ, ರೋಗನಿರೋಧಕ ವ್ಯವಸ್ಥೆಯಿಂದ ತಪ್ಪಿಸಿಕೊಳ್ಳುವುದನ್ನು ಅಷ್ಟೂ ಕಾಲ ಕಲಿತಿರುತ್ತದೆ.

ಇಲಿ ಪ್ರಯೋಗ ಸುಳ್ಳು ಅಂತ ಇದರ ಅರ್ಥವಲ್ಲ. ಕಣ ಸರಿಯಾದ ಜಾಗಕ್ಕೆ ಹೋಗುತ್ತದೆಯೇ, ಟಿ ಕೋಶ ಹುಟ್ಟುತ್ತದೆಯೇ ಅನ್ನುವುದನ್ನು ಅದು ಪ್ರಾಮಾಣಿಕವಾಗಿ ಹೇಳುತ್ತದೆ. ರೋಗಿ ಬದುಕುತ್ತಾರೆಯೇ ಅನ್ನುವ ಪ್ರಶ್ನೆಗೆ ಅದರ ಬಳಿ ಉತ್ತರವಿಲ್ಲ. ಪ್ರೀ-ಕ್ಲಿನಿಕಲ್ ಅಂಕಿ ಹಿಡಿದು 'ಸಿದ್ಧವಾಗಿದೆ' ಅಂದಾಗ ತಜ್ಞರು ಹಿಂಜರಿಯುವುದು ಇದಕ್ಕೇ.

ಮನುಷ್ಯರಲ್ಲಿ: ಒಂದು ಸೋಲು, ಒಂದು ನಿರೀಕ್ಷೆ

ಈ ಹಾದಿಯಲ್ಲಿ ಅತಿ ಮುಂದೆ ಹೋಗಿ ಬಿದ್ದದ್ದು ಅಮೆರಿಕದ ಗ್ರಿಟ್‌ಸ್ಟೋನ್ ಕಂಪನಿ. ಅದು ತನ್ನ ಲಸಿಕೆಯನ್ನು ಮುಖ್ಯವಾಗಿ ಹರಡಿದ ಎಂಎಸ್‌ಎಸ್ ಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷಿಸಿತು. ಮೊದಲು ವೈರಸ್ ವಾಹಕದ ಮೂಲಕ ಒಂದು ಡೋಸ್, ಆಮೇಲೆ ಲಿಪಿಡ್ ನ್ಯಾನೊಕಣದಲ್ಲಿ ತಾನೇ ನಕಲಾಗುವ ಆರ್‌ಎನ್‌ಎ. 2022ರಲ್ಲಿ ಪ್ರಕಟವಾದ ಮೊದಲ ಹಂತದ ಫಲಿತಾಂಶದಲ್ಲಿ ರೋಗಿಗಳ ದೇಹದಲ್ಲಿ ನಿಯೋಆಂಟಿಜೆನ್ ಗುರುತಿಸುವ ಟಿ ಕೋಶಗಳು ಹುಟ್ಟಿದ್ದು ಸ್ಪಷ್ಟವಾಗಿ ಕಂಡಿತು. ಎಲ್ಲರಿಗೂ ಉತ್ಸಾಹ ಬಂತು. 2024ರಲ್ಲಿ ಎರಡನೇ ಹಂತದ, ಹೋಲಿಕೆ ಗುಂಪಿರುವ ಪ್ರಯೋಗದ ಲೆಕ್ಕ ಬಂದಾಗ, ಗಡ್ಡೆಯಿಂದ ರಕ್ತಕ್ಕೆ ಸೇರುವ ಡಿಎನ್‌ಎಯನ್ನು ಇಳಿಸುವ ಮುಖ್ಯ ಗುರಿ ಈಡೇರಲಿಲ್ಲ. ರೋಗ ಉಲ್ಬಣವಾಗುವುದು ಕೊಂಚ ತಡವಾಗುವ ಸೂಚನೆ ಇತ್ತು, ಆದರೆ ಹೂಡಿಕೆದಾರರಿಗೆ ಅದು ಸಾಲಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಈ ಸೋಲನ್ನು ಓದುವ ರೀತಿಯಲ್ಲಿ ಎರಡು ಪಂಗಡಗಳಿವೆ. ತಣ್ಣನೆಯ ಗಡ್ಡೆಗೆ ಲಸಿಕೆ ಎಂದೂ ಸಾಕಾಗದು ಅನ್ನುವುದು ಒಂದು ವಾದ. ಲಸಿಕೆ ಸರಿ ಇತ್ತು, ಕೊಟ್ಟ ಕಾಲ ತಪ್ಪು ಅನ್ನುವುದು ಇನ್ನೊಂದು. ಗಡ್ಡೆ ಹಲವು ಕಡೆ ಹರಡಿ, ಲಿವರ್‌ನಲ್ಲಿ ಬೇರೂರಿದ ಮೇಲೆ ಕೆಲವು ಲಕ್ಷ ಟಿ ಕೋಶಗಳು ಏನು ಮಾಡಲು ಸಾಧ್ಯ ಅಂತ ಎರಡನೆಯವರು ಕೇಳುತ್ತಾರೆ. ನನಗೆ ಎರಡನೆಯ ವಾದವೇ ಹೆಚ್ಚು ಗಟ್ಟಿ ಅನ್ನಿಸುತ್ತದೆ. ಕಾರಣ ಹೀಗಿದೆ.

ಎರಡು ಮತ್ತು ಮೂರನೇ ಹಂತದ ಕರುಳಿನ ಕ್ಯಾನ್ಸರ್‌ನಲ್ಲಿ ಶಸ್ತ್ರಚಿಕಿತ್ಸೆಯಿಂದ ಗಡ್ಡೆಯನ್ನು ತೆಗೆಯಬಹುದು. ಆದರೆ ಹೊಲದಲ್ಲಿ ಕಳೆ ಕಿತ್ತ ಮೇಲೂ ಮಣ್ಣಲ್ಲಿ ಬೇರಿನ ತುಂಡು ಉಳಿಯುವ ಹಾಗೆ, ಕೆಲವರಲ್ಲಿ ಕಣ್ಣಿಗೆ ಕಾಣದ ಕ್ಯಾನ್ಸರ್ ಕೋಶಗಳು ಉಳಿದಿರುತ್ತವೆ. ಸ್ಕ್ಯಾನ್‌ನಲ್ಲಿ ಅವು ಸಿಗುವುದಿಲ್ಲ. ಈಗ ಅವನ್ನು ರಕ್ತ ಪರೀಕ್ಷೆಯಲ್ಲಿ ಹಿಡಿಯಬಹುದು. ಸಾಯುವ ಕ್ಯಾನ್ಸರ್ ಕೋಶಗಳು ತಮ್ಮ ಡಿಎನ್‌ಎ ಚೂರುಗಳನ್ನು ರಕ್ತಕ್ಕೆ ಬಿಡುತ್ತವೆ. ಸಿಟಿಡಿಎನ್‌ಎ ಎಂಬ ಈ ಚೂರು ಶಸ್ತ್ರಚಿಕಿತ್ಸೆಯ ನಂತರವೂ ಸಿಕ್ಕರೆ, ಬಹುಪಾಲು ಜನರಲ್ಲಿ ರೋಗ ಮರಳುತ್ತದೆ. ಈ ಹೊತ್ತಿನಲ್ಲಿ ಶತ್ರು ಕೋಶಗಳು ಕಡಿಮೆ. ಅವುಗಳ ಸುತ್ತ ಗೋಡೆ ಇನ್ನೂ ಕಟ್ಟಿಲ್ಲ. ರೋಗಿಯ ಶಕ್ತಿಯೂ ಕುಂದಿರುವುದಿಲ್ಲ. ಟಿ ಕೋಶಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದು ಕಷ್ಟ.

ಬಯೋಎನ್‌ಟೆಕ್ ಮತ್ತು ಜೆನೆನ್‌ಟೆಕ್ ಕಂಪನಿಗಳ ಆಟೋಜೀನ್ ಸೆವುಮೆರಾನ್ ಲಸಿಕೆಯನ್ನು ಪರೀಕ್ಷಿಸುತ್ತಿರುವುದು ಈ ಹಂತದಲ್ಲೇ. 2021ರಲ್ಲಿ ಶುರುವಾದ ಈ ಎರಡನೇ ಹಂತದ ಪ್ರಯೋಗ, ಶಸ್ತ್ರಚಿಕಿತ್ಸೆಯ ನಂತರವೂ ಸಿಟಿಡಿಎನ್‌ಎ ಕಂಡ ರೋಗಿಗಳನ್ನು ಆರಿಸಿಕೊಳ್ಳುತ್ತದೆ. ತೆಗೆದ ಗಡ್ಡೆಯ ಡಿಎನ್‌ಎ ಓದಿ, ಆ ಒಬ್ಬ ರೋಗಿಯ 20ರವರೆಗಿನ ನಿಯೋಆಂಟಿಜೆನ್‌ಗಳನ್ನು ಆರಿಸಿ, ಅವುಗಳ ಸೂಚನೆಯನ್ನು ಆರ್‌ಎನ್‌ಎಯಲ್ಲಿ ಬರೆದು, ಲಿಪೊಪ್ಲೆಕ್ಸ್ ಕಣಗಳಲ್ಲಿ ಕೊಡುತ್ತಾರೆ. ಇದಕ್ಕೆ ವಾರಗಟ್ಟಲೆ ಬೇಕು. ಅಷ್ಟರೊಳಗೆ ರೋಗಿ ಮಾಮೂಲಿ ಕೀಮೋ ಪಡೆಯುತ್ತಿರುವುದರಿಂದ ಕಾಯುವ ಕಾಲ ವ್ಯರ್ಥವಾಗುವುದಿಲ್ಲ. ಆಮೇಲೆ ಒಂದು ಗುಂಪಿಗೆ ಲಸಿಕೆ, ಇನ್ನೊಂದಕ್ಕೆ ನಿಗಾ ಮಾತ್ರ. 2024ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಬ್ಬ ರೋಗಿಗೆ ಲಸಿಕೆ ಕೊಟ್ಟ ಸುದ್ದಿ ಜಗತ್ತೆಲ್ಲ ಓಡಾಡಿತಲ್ಲ, ಅದು ಈ ಪ್ರಯೋಗದ ಭಾಗ.

ಇದೇ ಲಸಿಕೆಯನ್ನು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಲ್ಲಿ 16 ಜನರಿಗೆ ಕೊಟ್ಟ ಫಲಿತಾಂಶ 2023ರಲ್ಲಿ ಬಂತು. ಅದೂ ತಣ್ಣನೆಯ ಗಡ್ಡೆಯೇ. 8 ಜನರಲ್ಲಿ ಟಿ ಕೋಶಗಳು ಹುಟ್ಟಿದವು. ಮೂರು ವರ್ಷ ದಾಟಿದ ಮೇಲೆ ನೋಡಿದಾಗ ಆ 8 ಜನರಲ್ಲಿ 2 ಜನರಿಗೆ ರೋಗ ಮರಳಿತ್ತು. ಪ್ರತಿಕ್ರಿಯೆ ಬಾರದ 8 ಜನರಲ್ಲಿ 7 ಜನರಿಗೆ ಮರಳಿತ್ತು. ಅಂಕಿ ಆಸೆ ಹುಟ್ಟಿಸುವಂಥದ್ದೇ. ಆದರೆ ಒಂದು ಎಚ್ಚರ ಬೇಕು. ಇಲ್ಲಿ ಹೋಲಿಸಿದ್ದು ಲಸಿಕೆ ಪಡೆದವರನ್ನು ಪಡೆಯದವರ ಜೊತೆಗಲ್ಲ. ಪಡೆದವರಲ್ಲೇ ಪ್ರತಿಕ್ರಿಯೆ ಬಂದವರನ್ನು ಬಾರದವರ ಜೊತೆಗೆ. ಪ್ರತಿಕ್ರಿಯೆ ಬಂದವರ ರೋಗನಿರೋಧಕ ಶಕ್ತಿ ಮೊದಲೇ ಚೆನ್ನಾಗಿದ್ದು, ಲಸಿಕೆ ಇಲ್ಲದೆಯೂ ಅವರು ಹೆಚ್ಚು ಕಾಲ ಚೆನ್ನಾಗಿರುತ್ತಿದ್ದರೇನೋ. ಈ ಅನುಮಾನ ಬಗೆಹರಿಸುವ ಒಂದೇ ದಾರಿ, ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡುವುದು. ಕರುಳಿನ ಪ್ರಯೋಗ ಮುಖ್ಯವಾಗುವುದು ಅದು ಹಾಗೆ ಮಾಡುತ್ತಿರುವುದರಿಂದ.

ಚೀಟಿ ಎತ್ತುವ ಪರೀಕ್ಷೆಯಲ್ಲಿ ಈ ತಂತ್ರ ಒಮ್ಮೆ ಗೆದ್ದದ್ದು ಚರ್ಮದ ಮೆಲನೋಮಾ ಕ್ಯಾನ್ಸರ್‌ನಲ್ಲಿ. ಮಾಡರ್ನಾ ಮತ್ತು ಮರ್ಕ್ ಕಂಪನಿಗಳ ಲಿಪಿಡ್ ನ್ಯಾನೊಕಣ ಲಸಿಕೆಯನ್ನು ಪೆಂಬ್ರೊಲಿಜುಮ್ಯಾಬ್ ಜೊತೆ ಕೊಟ್ಟಾಗ, ಬರೀ ಪೆಂಬ್ರೊಲಿಜುಮ್ಯಾಬ್‌ಗಿಂತ ರೋಗ ಮರಳುವ ಅಥವಾ ಸಾವಿನ ಅಪಾಯ ಶೇ 44ರಷ್ಟು ಕಡಿಮೆಯಾಯಿತು. 157 ರೋಗಿಗಳ ಪ್ರಯೋಗ ಅದು. ಅಲ್ಲೂ ಲಸಿಕೆ ಕೊಟ್ಟಿದ್ದು ಶಸ್ತ್ರಚಿಕಿತ್ಸೆಯ ನಂತರವೇ. ಆದರೆ ಮೆಲನೋಮಾ ತಪ್ಪುಗಳು ತುಂಬಿದ, ಟಿ ಕೋಶಗಳಿಗೆ ಸುಲಭವಾಗಿ ಸಿಗುವ ಗಡ್ಡೆ. ಅಲ್ಲಿನ ಗೆಲುವನ್ನು ಹಾಗೇ ಎತ್ತಿ ಕರುಳಿಗೆ ಅಂಟಿಸಲು ಬರುವುದಿಲ್ಲ.

ಒಬ್ಬೊಬ್ಬರಿಗೆ ಬೇರೆಯೋ, ಹಲವರಿಗೆ ಒಂದೇಯೋ

ಪ್ರತಿ ರೋಗಿಗೂ ಬೇರೆ ಲಸಿಕೆ ಮಾಡುವುದು ದುಬಾರಿ, ನಿಧಾನ. ಗಡ್ಡೆಯ ಡಿಎನ್‌ಎ ಓದುವ ಯಂತ್ರ, ನಿಯೋಆಂಟಿಜೆನ್ ಆರಿಸುವ ಲೆಕ್ಕಾಚಾರ, ಶುದ್ಧ ತಯಾರಿಕಾ ಘಟಕ, ಅತಿ ಶೀತದ ಸಾಗಣೆ ಎಲ್ಲವೂ ಬೇಕು. ಇದಕ್ಕೆ ಪರ್ಯಾಯವಾಗಿ ಹಲವರ ಗಡ್ಡೆಗಳಲ್ಲಿ ಸಾಮಾನ್ಯವಾಗಿರುವ ತಪ್ಪನ್ನೇ ಗುರಿಯಿಡೋಣ ಅನ್ನುವವರಿದ್ದಾರೆ. ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 40ರಲ್ಲಿ ಕೆ-ರಾಸ್ ಎಂಬ ಜೀನ್ ಕೆಟ್ಟಿರುತ್ತದೆ. ಅದೂ ಕೆಲವೇ ನಿರ್ದಿಷ್ಟ ಜಾಗಗಳಲ್ಲಿ.

ಎಲಿಸಿಯೊ ಕಂಪನಿಯ ಇಎಲ್‌ಐ-002 ಲಸಿಕೆ ಇದನ್ನೇ ಗುರಿ ಮಾಡುತ್ತದೆ. ಇದು ಕಟ್ಟಿ ತಂದ ಕಣ ಅಲ್ಲ. ತುಣುಕಿಗೆ ಕೊಬ್ಬಿನ ಬಾಲ ಜೋಡಿಸಿರುತ್ತಾರೆ. ಅದು ದೇಹದಲ್ಲೇ ಇರುವ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡು ದುಗ್ಧಗ್ರಂಥಿ ಸೇರುತ್ತದೆ. ದಾರಿ ಬೇರೆ, ತಲುಪುವ ಜಾಗ ಅದೇ. 2024ರಲ್ಲಿ ಬಂದ ಮೊದಲ ಹಂತದ ಫಲಿತಾಂಶದಲ್ಲಿ 25 ರೋಗಿಗಳ ಪೈಕಿ 21 ಜನರಲ್ಲಿ ಟಿ ಕೋಶಗಳು ಹುಟ್ಟಿದವು. ಆ 25ರಲ್ಲಿ ಕರುಳಿನ ಕ್ಯಾನ್ಸರ್ ಇದ್ದವರು 5 ಜನ ಮಾತ್ರ, ಉಳಿದವರದು ಮೇದೋಜೀರಕದ್ದು. ಇಲ್ಲೂ ಹೋಲಿಕೆ ಗುಂಪು ಇರಲಿಲ್ಲ.

ವೈಯಕ್ತಿಕ ಲಸಿಕೆಯ ಪರವಾಗಿರುವವರ ಉತ್ತರವೂ ಬಲವಾಗಿದೆ. ಒಂದೇ ತಪ್ಪನ್ನು ಗುರಿಯಿಟ್ಟರೆ ಆ ತುಣುಕನ್ನು ತೋರಿಸದ ಕೋಶಗಳು ತಪ್ಪಿಸಿಕೊಂಡು ಬೆಳೆಯುತ್ತವೆ. ಅದಲ್ಲದೆ ಯಾವ ತುಣುಕು ಕೋಶದ ಮೇಲೆ ಕಾಣುತ್ತದೆ ಅನ್ನುವುದು ಪ್ರತಿಯೊಬ್ಬರ ಎಚ್‌ಎಲ್‌ಎ ಜೀನ್‌ಗಳ ಮೇಲೆ ನಿಂತಿದೆ. ಅವು ಒಬ್ಬರಿಂದ ಒಬ್ಬರಿಗೆ ಬೇರೆ. 20 ಗುರಿ ಇಟ್ಟರೆ ಎಲ್ಲದರಿಂದಲೂ ತಪ್ಪಿಸಿಕೊಳ್ಳುವುದು ಗಡ್ಡೆಗೆ ಕಷ್ಟ. ಈ ವಾದಕ್ಕೆ ಇನ್ನೂ ತೀರ್ಪು ಬಂದಿಲ್ಲ. ಎರಡೂ ಉಳಿಯುವ ಸಾಧ್ಯತೆಯೇ ಹೆಚ್ಚು.

ಮುಂದೆ ಏನಾಗಬಹುದು

ಶಸ್ತ್ರಚಿಕಿತ್ಸೆಯ ನಂತರದ ಪ್ರಯೋಗ ಗೆದ್ದರೆ ಲಸಿಕೆಗೆ ಒಂದು ನಿರ್ದಿಷ್ಟ ಜಾಗ ಸಿಗುತ್ತದೆ: ಗಡ್ಡೆ ತೆಗೆದಿದ್ದಾರೆ, ಕೀಮೋ ಆಗಿದೆ, ರಕ್ತದಲ್ಲಿ ಇನ್ನೂ ಕುರುಹು ಇದೆ. ಆಗ ಸಿಟಿಡಿಎನ್‌ಎ ಪರೀಕ್ಷೆ ಎಲ್ಲೆಡೆ ಬೇಕಾಗುತ್ತದೆ. ಲಸಿಕೆ ಸಿಗದಿದ್ದರೂ ಆ ಪರೀಕ್ಷೆ ಇಲ್ಲದ ಕಡೆ ಯಾರಿಗೆ ಅಪಾಯ ಹೆಚ್ಚು ಅಂತಲೇ ತಿಳಿಯುವುದಿಲ್ಲ. ಸೋತರೆ ಹಣ ಬೇರೆ ಕಡೆ ಹರಿಯುತ್ತದೆ, ಗ್ರಿಟ್‌ಸ್ಟೋನ್‌ಗೆ ಆದದ್ದು ಇತರರಿಗೂ ಆಗುತ್ತದೆ. ಎರಡರಲ್ಲಿ ಯಾವುದಾದರೂ, ಲಿವರ್‌ಗೆ ಹರಡಿದ ರೋಗಕ್ಕೆ ಲಸಿಕೆಯೊಂದೇ ಸಾಕಾಗುವ ದಿನ ಹತ್ತಿರದಲ್ಲಿ ಕಾಣುತ್ತಿಲ್ಲ. ಅಲ್ಲಿ ಗಡ್ಡೆಯ ಗೋಡೆ ಒಡೆಯುವ ಇನ್ನೊಂದು ಔಷಧಿ ಜೊತೆಗೆ ಬೇಕೇ ಬೇಕು.

ಅಡ್ಡಪರಿಣಾಮಗಳು ಈವರೆಗೆ ಹೆಚ್ಚಾಗಿ ಜ್ವರ, ಚಳಿ, ಸುಸ್ತು. ಕೀಮೋಗೆ ಹೋಲಿಸಿದರೆ ಇವು ಹಗುರ.

ನನ್ನನ್ನು ಕಾಡುವುದು ಇನ್ನೊಂದು ಅಪಾಯ. 'ಲಸಿಕೆ ಬಂತು' ಅನ್ನುವ ಸುದ್ದಿ ನಂಬಿ ಶಸ್ತ್ರಚಿಕಿತ್ಸೆಯನ್ನೋ ಕೀಮೋವನ್ನೋ ಮುಂದೂಡುವುದು. ಮೇಲೆ ಹೇಳಿದ ಕರುಳಿನ ಪ್ರಯೋಗವನ್ನೇ ನೋಡಿ. ಅಲ್ಲಿ ಲಸಿಕೆಗೆ ದಾರಿ ಶುರುವಾಗುವುದೇ ಶಸ್ತ್ರಚಿಕಿತ್ಸೆಯಿಂದ. ಅದನ್ನು ಮುಂದೂಡಿದವರಲ್ಲಿ ರೋಗ ಹರಡುತ್ತದೆ, ಹರಡಿದ ಮೇಲೆ ಲಸಿಕೆ ಕೆಲಸ ಮಾಡುವ ಸಾಧ್ಯತೆಯೇ ಕುಗ್ಗುತ್ತದೆ. ಅಂದರೆ ಲಸಿಕೆಗಾಗಿ ಕಾಯುವವರು ಲಸಿಕೆಯ ಅವಕಾಶವನ್ನೂ ಕಳೆದುಕೊಳ್ಳುತ್ತಾರೆ.

ಇವತ್ತೇ ಮಾಡಿಸಬಹುದಾದ, ಇವತ್ತೇ ಚಿಕಿತ್ಸೆ ಬದಲಿಸಬಲ್ಲ ಪರೀಕ್ಷೆಯೊಂದಿದೆ. ಗಡ್ಡೆ ಎಂಎಸ್‌ಐ-ಹೈ ಬಗೆಯೋ ಎಂಎಸ್‌ಎಸ್ ಬಗೆಯೋ ಅಂತ ನೋಡುವ ಪರೀಕ್ಷೆ ಅದು. ಪೆಥಾಲಜಿ ವರದಿಯಲ್ಲಿ ಎಂಎಂಆರ್ (ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ) ಅಥವಾ ಎಂಎಸ್‌ಐ ಎಂಬ ಸಾಲು ಇದೆಯೇ ಅಂತ ನೋಡಿದರೆ ಗೊತ್ತಾಗುತ್ತದೆ. ಇಲ್ಲದಿದ್ದರೆ ವೈದ್ಯರನ್ನು ಕೇಳಬಹುದು. ಎಂಎಸ್‌ಐ-ಹೈ ಅಂತ ಬಂದರೆ ಇಮ್ಯುನೊಥೆರಪಿಯ, ಅಂದರೆ ಬ್ರೇಕ್ ಬಿಡಿಸುವ ಔಷಧಿಗಳ ದಾರಿ ಈಗಲೇ ತೆರೆದಿದೆ. ಕುಟುಂಬದಲ್ಲಿ ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ತೊಂದರೆ ಇರಬಹುದು ಅನ್ನುವ ಸುಳಿವೂ ಅದರಲ್ಲಿ ಸಿಗುತ್ತದೆ. ಹಾಗಿದ್ದರೆ ಒಡಹುಟ್ಟಿದವರು, ಮಕ್ಕಳು ಮೊದಲೇ ಕೊಲೊನೋಸ್ಕೋಪಿ ಮಾಡಿಸಿಕೊಂಡು, ಕ್ಯಾನ್ಸರ್ ಆಗುವ ಮೊದಲೇ ಪಾಲಿಪ್‌ಗಳನ್ನು (ಕರುಳಿನ ಒಳಗೋಡೆಯ ಸಣ್ಣ ಗಂಟುಗಳನ್ನು) ತೆಗೆಸಿಕೊಳ್ಳಬಹುದು. ಪರೀಕ್ಷೆಗೆ ಹೊಸದಾಗಿ ಬಯಾಪ್ಸಿ ಮಾಡಿಸಬೇಕಾಗುವುದೂ ಅಪರೂಪ. ಆಗಲೇ ತೆಗೆದ ಗಡ್ಡೆಯ ತುಂಡನ್ನು ಪ್ರಯೋಗಾಲಯದಲ್ಲಿ ಮೇಣದ ಬ್ಲಾಕ್‌ನಲ್ಲಿ ಇಟ್ಟಿರುತ್ತಾರೆ. ಅದರಿಂದ ತೆಗೆದ ಒಂದು ತೆಳು ಪದರ ಸಾಕು.